ಜಠರದ ಅಳತೆ

ಸ್ಥೂಲಶರೀರಿಗಳ ವಿಷಯದಲ್ಲಿ ಲೋಕಕ್ಕೆ ಒಂದು ವಿಶೇಷವಾದ ಸಲಿಗೆಯಿದೆ. ಕುಂಟನನ್ನು ಎದುರಿಗೆ ಕುಂಟನೆನ್ನಲು ಹಿಂಜರಿಯುವ ಸಭ್ಯರೂ ದಪ್ಪನಾದವನನ್ನು ಕಂಡೊಡನೆ ಅವನ ಹೊಟ್ಟೆಯ ಯೋಗಕ್ಷೇಮವನ್ನೇ ಮೊದಲು ವಿಚಾರಿಸುತ್ತಾರೆ. ನಾನು ಐವತ್ತು ವರ್ಷಗಳ ಕಾಲ ಈ ಸಲಿಗೆಗೆ ಪಾತ್ರನಾಗಿದ್ದವನು. ಪಾಠಶಾಲೆಯಲ್ಲಿ ಸಹಪಾಠಿಗಳು ನನ್ನನ್ನು ಲಂಬೋದರನೆಂದೂ, ಮುಂದೆ ಹೈಸ್ಕೂಲಿನಲ್ಲಿ ಹುಡುಗರು ನನ್ನ ಬೆನ್ನ ಹಿಂದೆ ಬಕಾಸುರ ಮೇಷ್ಟರೆಂದೂ ಕರೆಯುತ್ತಿದ್ದರು. ಮೊದಲನೆಯದು ದೇವರ ಹೆಸರಾದುದರಿಂದ ನನಗೆ ಬೇಸರವಿರಲಿಲ್ಲ. ಎರಡನೆಯದು ಮಹಾಭಾರತದಿಂದ ಬಂದುದಾದುದರಿಂದ, ಹುಡುಗರು ಪಾಠವನ್ನು ಮರೆತಿಲ್ಲವೆಂದು ಸಮಾಧಾನಪಡುತ್ತಿದ್ದೆನು.

2022ನೆಯ ಇಸವಿ ನವೆಂಬರು ತಿಂಗಳಿನಲ್ಲಿ, ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದುಹಾಕಿದರು. ಅದು ಹುಣ್ಣಿಗಾಗಿಯೂ ಅಲ್ಲ, ಅರ್ಬುದಕ್ಕಾಗಿಯೂ ಅಲ್ಲ. ದೇಹದ ತೂಕವನ್ನು ಇಳಿಸುವುದಕ್ಕಾಗಿ. ಈ ಸುದ್ದಿಯನ್ನು ಕೇಳಿದ ಮಿತ್ರರಿಗೂ ಬಂಧುಗಳಿಗೂ ಬೇರೆ ಬೇರೆಯಾಗಿ ಉತ್ತರ ಹೇಳಿ ದಣಿದಿರುವುದರಿಂದ, ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುವುದು ಲೇಸೆಂದು ತೋರಿತು.

ಆಗ ನನ್ನ ಎತ್ತರ 168 ಸೆಂಟಿಮೀಟರು, ತೂಕ 118 ಕಿಲೋಗ್ರಾಂ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಅಂಕವೊಂದುಂಟು. ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞನು ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗೆಡಹಿದ ಲೆಕ್ಕ ಅದು. ನನ್ನ ಅಂಕವು ಸುಮಾರು 42 ಆಗಿದ್ದಿತು. ಅಂಕವೇನೋ ಕಾಗದದ ಮೇಲಿನದು. ಶರೀರದ ಲೆಕ್ಕ ಬೇರೆಯಾಗಿದ್ದಿತು. ಹದಿನಾಲ್ಕು ವರ್ಷಗಳ ಮಧುಮೇಹ. ದಿನಕ್ಕೆರಡು ಸಲ ಇನ್ಸುಲಿನ್. ರಾತ್ರಿ ನಿದ್ರೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತುಹೋಗುತ್ತಿದ್ದಿತು. ಅದು ನನಗೆ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಎಚ್ಚರವಾಗಿದ್ದು, ಮತ್ತೆ ಉಸಿರು ಬರುವವರೆಗೆ ಎಣಿಸುತ್ತ ಕುಳಿತಿರುತ್ತಿದ್ದ ನನ್ನ ಪತ್ನಿಗೆ ತಿಳಿಯುತ್ತಿದ್ದಿತು. ಅದಕ್ಕಾಗಿ ಡಾಕ್ಟರು ಗಾಳಿಯೊತ್ತುವ ಒಂದು ಯಂತ್ರವನ್ನು ಕೊಡಿಸಿದರು. ಮೂಗಿಗೆ ಮುಖವಾಡ, ಅದರಿಂದ ಇಳಿಬಿದ್ದ ಉದ್ದನೆಯ ನಳಿಗೆ. ಲಂಬೋದರನೆಂಬ ಹಳೆಯ ಹೆಸರು ಆ ಸೊಂಡಿಲಿನಿಂದ ಸಂಪೂರ್ಣವಾಗಿ ಸಾರ್ಥಕವಾಯಿತು.

ಇವೆಲ್ಲವನ್ನೂ ಸಹಿಸಿದ್ದೆನು. ಸಹಿಸಲಾರದೆ ಹೋದುದು ಮೊಣಕಾಲಿನದು. ನೆಲದ ಮೇಲೆ ಕುಳಿತುಕೊಳ್ಳುವುದು ಅಸಾಧ್ಯವಾಯಿತು. ಸಂಧ್ಯಾವಂದನೆ ಕುರ್ಚಿಯ ಮೇಲೆ, ಪಾಠ ಕುರ್ಚಿಯ ಮೇಲೆ. ಕೊನೆಗೆ ತಂದೆಯವರ ಶ್ರಾದ್ಧವೂ ಕುರ್ಚಿಯ ಮೇಲೆ. ಪುರೋಹಿತರು ಉದಾರಿಗಳು, "ಅಶಕ್ತರಿಗೆ ದೋಷವಿಲ್ಲ, ಮೇಷ್ಟರೆ" ಎಂದು ಹೇಳಿ, ಪಿಂಡವನ್ನಿಡುವ ದರ್ಭೆಯನ್ನು ನನ್ನ ಕೈಗೆಟುಕುವಂತೆ ಮಣೆಯ ಮೇಲೆ ಹಾಸಿಕೊಟ್ಟರು. ದೋಷವಿಲ್ಲದಿರಬಹುದು. ಆದರೆ ತಂದೆಗೆ ಬಗ್ಗಿ ನಮಸ್ಕರಿಸಲಾರದ ಮಗನಿಗೆ ಆ ದಿನ ಉಂಡ ಅನ್ನವು ರುಚಿಸಲಿಲ್ಲ. ಮೂಳೆಯ ಡಾಕ್ಟರು, ಈ ತೂಕಕ್ಕೆ ಹೊಸ ಕೀಲನ್ನು ಕೂಡಿಸಲಾಗುವುದಿಲ್ಲ, ಮೊದಲು ಇಳಿಸಿಕೊಂಡು ಬನ್ನಿ ಎಂದು ಸ್ಪಷ್ಟವಾಗಿ ಹೇಳಿದ್ದರು.

ಇಲ್ಲಿ ನಮ್ಮ ಪ್ರಾಚೀನರ ಮಾತನ್ನು ಎತ್ತದೆ ಮುಂದುವರಿಯಲಾರೆನು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತ ಪುರುಷರನ್ನು ಹೇಳಿದೆ. ಅವರಲ್ಲಿ ಅತಿಸ್ಥೂಲನೂ ಒಬ್ಬ. ಸ್ಥೌಲ್ಯಕ್ಕೆ ಕಾರಣಗಳನ್ನು ಎಣಿಸುವಾಗ ಅತಿಭೋಜನ, ಮಧುರಸ್ನಿಗ್ಧ ಪದಾರ್ಥಗಳು, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ ಎಂದು ಮೊದಲುಮಾಡಿ, ನಿತ್ಯವೂ ಹರ್ಷದಿಂದಿರುವುದು, ಚಿಂತೆಯಿಲ್ಲದಿರುವುದು ಎಂಬುವನ್ನೂ ಸೇರಿಸಿದ್ದಾರೆ. ಮೂವತ್ತು ವರ್ಷ ಉಪಾಧ್ಯಾಯವೃತ್ತಿ ಮಾಡಿದವನಿಗೆ ಈ ಕಡೆಯ ಎರಡು ಎಲ್ಲಿಂದ ಬಂದಾವು? ಆದರೆ ಪಟ್ಟಿಯ ಕೊನೆಯಲ್ಲಿ ಬೀಜಸ್ವಭಾವವೆಂದು ಇನ್ನೊಂದು ಕಾರಣವನ್ನು ಹೇಳಿದೆ. ನಮ್ಮ ತಂದೆ, ಅವರ ತಂದೆ, ಇಬ್ಬರೂ ನನ್ನಂತೆಯೇ ಇದ್ದವರು. ನನಗೆ ಹೊಂದುವುದು ಇದು. ಇನ್ನೂ ಒಂದು ಸೂಕ್ಷ್ಮವುಂಟು. ಮೇದಸ್ಸು ಮಾರ್ಗವನ್ನು ಅಡ್ಡಗಟ್ಟುವುದರಿಂದ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಅಗ್ನಿಯನ್ನು ಹೊತ್ತಿಸುತ್ತದೆ, ಆದುದರಿಂದ ಸ್ಥೂಲನಿಗೆ ಹಸಿವು ಹೆಚ್ಚು ಎಂದು ಅಲ್ಲಿಯೇ ವಿವರಿಸಿದೆ. ಉಂಡುದರಿಂದ ಮಾತ್ರ ದಪ್ಪನಾಗುವುದಲ್ಲ, ದಪ್ಪನಾದುದರಿಂದಲೂ ಉಣ್ಣಬೇಕಾಗುತ್ತದೆ. ಈ ಚಕ್ರವನ್ನು ಕಂಡವರು, ನನಗೆ ಉಪದೇಶ ಮಾಡಿದ ಬಂಧುಗಳಿಗಿಂತ ದಯಾಳುಗಳು.

ಏಕೆಂದರೆ ಬಂಧುಗಳ ವಾದವು ಒಂದೇ ಆಗಿದ್ದಿತು: "ಹೊಟ್ಟೆ ಕೊಯ್ಯಿಸಿಕೊಳ್ಳೋದು ಯಾಕೆ? ಬಾಯಿಗೆ ಬೀಗ ಹಾಕಿದರೆ ಸಾಲದೆ?" ಬೀಗವನ್ನು ನಾನು ಮೂರು ಸಲ ಹಾಕಿದ್ದೆನು. ಮೂರು ಸಲವೂ ಹತ್ತು ಹನ್ನೆರಡು ಕಿಲೋ ಇಳಿದು, ವರ್ಷ ತುಂಬುವುದರೊಳಗಾಗಿ ಅದು ಬಡ್ಡಿಸಹಿತ ಹಿಂದಿರುಗಿತು. ಶಸ್ತ್ರವೈದ್ಯರು ಇದರ ಮರ್ಮವನ್ನು ವಿವರಿಸಿದರು. ಜಠರದ ಮೇಲ್ಭಾಗದಲ್ಲಿ ಗ್ರೆಲಿನ್ ಎಂಬ ಸ್ರಾವವೊಂದು ಹುಟ್ಟುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬುವರು ಅದನ್ನು ಕಂಡುಹಿಡಿದರು. ಹಸಿವನ್ನು ಮಿದುಳಿಗೆ ಸಾರುವ ದೂತ ಅದು. ಪಥ್ಯಮಾಡಿ ತೂಕವನ್ನಿಳಿಸಿದವನಲ್ಲಿ ಈ ದೂತನ ಕೂಗು ಹೆಚ್ಚುತ್ತದೆ. ಶರೀರವು ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹಟಹಿಡಿಯುತ್ತದೆ. ಶಸ್ತ್ರಕ್ರಿಯೆಯಲ್ಲಿ ತೆಗೆದುಹಾಕುವ ಭಾಗದಲ್ಲಿಯೇ ಈ ಸ್ರಾವವು ಹೆಚ್ಚಾಗಿ ಹುಟ್ಟುವುದರಿಂದ ಹಸಿವೂ ತಗ್ಗುತ್ತದೆ. ಚೀಲ ಚಿಕ್ಕದಾಗುವುದು ಒಂದು, ಕೂಗುವವನು ಮೌನವಾಗುವುದು ಇನ್ನೊಂದು. ಈ ಮಾತನ್ನು ಕೇಳಿದ ಮೇಲೆ ಬೀಗದ ಉಪದೇಶಕ್ಕೆ ನಾನು ಉತ್ತರ ಕೊಡುವುದನ್ನೇ ಬಿಟ್ಟೆನು.

ಉತ್ತರ ಕೊಡಬೇಕಾದವಳು ಮನೆಯಲ್ಲಿದ್ದಳು. ಮೂವತ್ತೆಂಟು ವರ್ಷ ನನಗೆ ಅಡಿಗೆ ಮಾಡಿ ಬಡಿಸಿದವಳು, ವಿಷಯವನ್ನು ಕೇಳಿದ ದಿನ ಏನನ್ನೂ ಹೇಳಲಿಲ್ಲ. ಮಾರನೆಯ ದಿನ ಬಡಿಸುತ್ತ, ಸೌಟನ್ನು ಕೈಯಲ್ಲಿಯೇ ಹಿಡಿದುಕೊಂಡು, "ಅಲ್ಲಾಂದ್ರೆ, ಇಷ್ಟು ವರ್ಷ ನಾನು ಬಡಿಸಿದ್ದೆಲ್ಲ ಈಗ ರೋಗ ಅಂತ ಆಯಿತಲ್ಲ" ಎಂದಳು.

"ನಮ್ಮಪ್ಪನೂ ತಾತನೂ ನಿನ್ನ ಕೈಯಡಿಗೆ ಉಂಡವರಲ್ಲ. ಅವರೂ ಹೀಗೆಯೇ ಇದ್ದರಲ್ಲ?" ಎಂದೆನು.

ಮಾತಿಗೆ ಉತ್ತರವಾಯಿತೇ ಹೊರತು ಅವಳ ಮನಸ್ಸಿಗೆ ಆಗಲಿಲ್ಲ. ಮಗಳು ನಮ್ಮಿಬ್ಬರನ್ನೂ ಶಸ್ತ್ರವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಅವರು ಚಿತ್ರ ಬರೆದು ತೋರಿಸಿದರು. ಒಂದು ಲೀಟರಿಗೂ ಮಿಕ್ಕಿ ಹಿಡಿಯುವ ಜಠರವನ್ನು ಉದ್ದಕ್ಕೆ ಕತ್ತರಿಸಿ, ಬಾಳೆಹಣ್ಣಿನ ಆಕಾರದ ನಳಿಗೆಯನ್ನು ಮಾತ್ರ ಉಳಿಸುವುದು. ಅದಕ್ಕೆ ಹಿಡಿಯುವುದು ನೂರು ನೂರೈವತ್ತು ಮಿಲಿಲೀಟರು. ಕರುಳನ್ನು ಬೇರೆಡೆಗೆ ಕೂಡಿಸುವ ಇನ್ನೊಂದು ಬಗೆಯುಂಟು. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು 1966ರಲ್ಲಿ ಅದಕ್ಕೆ ಮೊದಲುಮಾಡಿದರು. ನನಗೆ ಮೊದಲನೆಯದು ಸಾಕೆಂದರು. ಅಪಾಯಗಳನ್ನೂ ಮುಚ್ಚಿಡಲಿಲ್ಲ: ಹೊಲಿಗೆಯ ಸಾಲಿನಲ್ಲಿ ಸೋರಿಕೆಯಾಗಬಹುದು, ರಕ್ತಸ್ರಾವವಾಗಬಹುದು, ಕಾಲಿನ ರಕ್ತನಾಳದಲ್ಲಿ ಗಡ್ಡೆಕಟ್ಟಿ ಅದು ಶ್ವಾಸಕೋಶಕ್ಕೆ ಹೋಗಬಹುದು. ನನ್ನ ಪತ್ನಿಯು ಇವೊಂದನ್ನೂ ಕುರಿತು ವಿಚಾರಿಸಲಿಲ್ಲ. "ಇವರಿಗೆ ಆಮೇಲೆ ಹಸಿವಾದರೆ ನಾನು ಏನು ಕೊಡಲಿ?" ಎಂದು ಮಾತ್ರ ಕೇಳಿದಳು. ವೈದ್ಯರು ಲೇಖನಿಯನ್ನು ಕೆಳಗಿಟ್ಟು ಅರ್ಧ ಗಂಟೆಯ ಕಾಲ ಅವಳೊಬ್ಬಳೊಡನೆಯೇ ಮಾತನಾಡಿದರು. ಅಲ್ಲಿಂದ ಮುಂದೆ ಈ ಚಿಕಿತ್ಸೆಯ ಯಜಮಾನಿಕೆಯು ಅವಳಿಗೆ ಸೇರಿತು.

ಮೊದಲು ಎರಡು ವಾರ ಬರಿಯ ದ್ರವಾಹಾರ. ಯಕೃತ್ತು ಕೊಬ್ಬಿನಿಂದ ಊದಿಕೊಂಡು ಜಠರವನ್ನು ಮರೆಮಾಡುತ್ತದೆಯಂತೆ. ಅದು ಕುಗ್ಗಿದ ಹೊರತು ವೈದ್ಯರ ಕೈಗೆ ದಾರಿಯಿಲ್ಲ. ಹೃದಯ, ಶ್ವಾಸಕೋಶ, ರಕ್ತ, ಎಲ್ಲವುಗಳ ಪರೀಕ್ಷೆಯಾಯಿತು. ವಿಮೆಯವರೊಡನೆ ನಡೆದ ಪತ್ರವ್ಯವಹಾರವನ್ನು ಬರೆದರೆ ಈ ಸಂಚಿಕೆಯು ಸಾಲದು, ಬಿಟ್ಟಿದ್ದೇನೆ. ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ಒಂದು ಕಾಗದದ ಮೇಲೆ ಬ್ಯಾಂಕಿನ ಲೆಕ್ಕವನ್ನೂ, ಯಾವ ಗ್ರಂಥವು ಯಾವ ಶಿಷ್ಯನಿಗೆ ಸೇರಬೇಕೆಂಬುದನ್ನೂ ಬರೆದು ದಿಂಬಿನ ಕೆಳಗಿಟ್ಟೆನು. ಬೆಳಗ್ಗೆ ದಾದಿಯು ಅದನ್ನು ಕಂಡು ಔಷಧದ ಚೀಟಿಯೆಂದು ಕಡತಕ್ಕೆ ಸೇರಿಸಿಬಿಟ್ಟಳು. ಅದು ಈಗಲೂ ಅಲ್ಲಿಯೇ ಇದ್ದೀತು.

ಶಸ್ತ್ರಕ್ರಿಯೆಯ ವಿಷಯವಾಗಿ ನಾನು ಹೇಳಬಹುದಾದುದು ಅಲ್ಪ, ನಿದ್ರೆಯಲ್ಲಿದ್ದೆನು. ಹೊಟ್ಟೆಯಲ್ಲಿ ಐದು ರಂಧ್ರಗಳನ್ನು ಮಾಡಿ, ಇಂಗಾಲದ ಡೈಆಕ್ಸೈಡನ್ನು ತುಂಬಿ ಉಬ್ಬಿಸಿ, ಕ್ಯಾಮರಾ ಇಳಿಸಿ, ಕತ್ತರಿಸುತ್ತಲೇ ಹೊಲಿಯುವ ಉಪಕರಣದಿಂದ ಕೆಲಸವನ್ನು ಮುಗಿಸಿದರು. ಎಚ್ಚರವಾದಾಗ ನೋವು ಹೊಟ್ಟೆಯಲ್ಲಿರುವುದೆಂದು ನಿರೀಕ್ಷಿಸಿದ್ದೆನು, ಇದ್ದುದು ಭುಜದಲ್ಲಿ. ತುಂಬಿದ ಅನಿಲದ ಕಿರುಕುಳವೆಂದರು. ಅದೇ ಸಂಜೆ ಎಬ್ಬಿಸಿ ನಡೆಸಿದರು. ಮರುದಿನ ಔಷಧ ಕುಡಿಯುವ ಪುಟ್ಟ ಲೋಟದಲ್ಲಿ 30 ಮಿಲಿಲೀಟರು ನೀರನ್ನು ಕೊಟ್ಟು, ಕಾಲು ಗಂಟೆಯಲ್ಲಿ ಕುಡಿದು ಮುಗಿಸಿ ಎಂದರು. ಒಂದು ತಂಬಿಗೆ ನೀರನ್ನು ಎತ್ತಿ ಕುಡಿಯುತ್ತಿದ್ದವನಿಗೆ ಅದು ಮುಗಿಯಲಿಲ್ಲ.

ಮನೆಗೆ ಬಂದ ಮೇಲೆ ಗಂಜಿಯ ತಿಳಿ, ಸಾರಿನ ತಿಳಿ, ನೀರುಮಜ್ಜಿಗೆ. ಮೂರನೆಯ ವಾರದಿಂದ ನುಣ್ಣಗೆ ಮಸೆದ ಹೆಸರುಬೇಳೆ. ಆಮೇಲೆ ಮೆತ್ತಗಿನ ಅನ್ನ. ದಿನಕ್ಕೆ 60 ಗ್ರಾಂ ಪ್ರೋಟೀನು ಸೇರಲೇಬೇಕು. ಶಾಕಾಹಾರಿಗೆ ಅದು ಸುಲಭವಲ್ಲ. ಮೊಸರು, ಪನೀರು, ಕಾಳುಗಳು, ಮೇಲೆ ಡಬ್ಬಿಯ ಪುಡಿ. ಊಟಕ್ಕೆ ಅರ್ಧ ಗಂಟೆ ಮುಂಚೆಯೂ ಅರ್ಧ ಗಂಟೆ ಅನಂತರವೂ ನೀರು ಕುಡಿಯಬಾರದೆಂದು ಆಹಾರತಜ್ಞೆಯು ವಿಧಿಸಿದಳು. ನನಗೆ ಧರ್ಮಸಂಕಟವಾಯಿತು. ಊಟದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಆಪೋಶನವನ್ನು ತೆಗೆದುಕೊಳ್ಳದೆ ನಾನು ಎಂದೂ ಉಂಡವನಲ್ಲ. "ಎಷ್ಟು ನೀರು ಅದು, ತಾತಾ?" ಎಂದು ಆ ಹುಡುಗಿ ಕೇಳಿದಳು. ಒಂದು ಉದ್ದಿನ ಕಾಳು ಮುಳುಗುವಷ್ಟು ಎಂದೆನು. ನಕ್ಕು, "ಅಷ್ಟಕ್ಕೆ ಅಡ್ಡಿಯಿಲ್ಲ" ಎಂದು ತನ್ನ ಪಟ್ಟಿಯಲ್ಲಿಯೇ ಬರೆದುಕೊಟ್ಟಳು. ಪಂಚಪ್ರಾಣಾಹುತಿಗೆ ಹಿಂದೆ ನಾನು ಐದು ಅಗುಳನ್ನು ಅವಸರದಲ್ಲಿ ಬಾಯಿಗೆ ಹಾಕಿಕೊಂಡು ಊಟಕ್ಕೆ ತೊಡಗುತ್ತಿದ್ದೆನು. ಆ ದಿನಗಳಲ್ಲಿ ಐದು ಆಹುತಿಗಳಾಗುವ ಹೊತ್ತಿಗೆ ಊಟದ ಗಣನೀಯ ಭಾಗವೇ ಮುಗಿದಿರುತ್ತಿದ್ದಿತು. ಹೊಟ್ಟೆಯಲ್ಲಿ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಕಾಲು ಗಾಳಿಗೆ ಎಂದು ವಾಗ್ಭಟನು ಹಂಚಿಕೊಟ್ಟಿದ್ದಾನೆ. ಈ ಬಾಳೆಹಣ್ಣಿನೊಳಗೆ ಆ ಹಂಚಿಕೆಯನ್ನು ನಡೆಸಲು ವಕೀಲರೇ ಬೇಕು. ಒಂದು ತುತ್ತು ಹೆಚ್ಚಾದರೂ ಎದೆಯ ನಡುವೆ ಕಲ್ಲು ಕುಳಿತಂತಾಗಿ, ಬಾಯಲ್ಲಿ ನೊರೆಯೂರಿ, ಎದ್ದು ಹೋಗಬೇಕಾಗುತ್ತದೆ.

ನಾಲ್ಕನೆಯ ತಿಂಗಳಿನಲ್ಲಿ ಕೂದಲು ಉದುರತೊಡಗಿತು. ಮೊದಲೇ ಕಿರಿದಾಗಿದ್ದ ನನ್ನ ಜುಟ್ಟು ಗಂಟು ಹಾಕಲೂ ನಿಲ್ಲದಂತಾಯಿತು. ವರ್ಷದೊಳಗೆ ಮತ್ತೆ ಬೆಳೆಯಿತೆನ್ನಿ. ಪವಿತ್ರದ ಉಂಗುರವು ಅರ್ಘ್ಯ ಕೊಡುವಾಗ ಬೆರಳಿನಿಂದ ಜಾರಿ ನೀರಿಗೆ ಬಿದ್ದು ಹೋಯಿತು. ತೋಳಿನ ಚರ್ಮವು ಜೋಲುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ತ್ವದ ಮಾತ್ರೆಗಳು ಬದುಕಿರುವವರೆಗೆ. ಬಿ ಹನ್ನೆರಡಕ್ಕೆ ಸೂಜಿ. ಎದೆಯುರಿಯೊಂದು ಹೊಸದಾಗಿ ಬಂದು ಸೇರಿದೆ. ಆದರೆ ಒಂದು ವರ್ಷಕ್ಕೆ ತೂಕ 86ಕ್ಕೆ ಇಳಿಯಿತು. ಈಗ 88ರಲ್ಲಿ ನಿಂತಿದೆ. ಇನ್ಸುಲಿನ್ ನಿಂತಿತು, ಮಧುಮೇಹಕ್ಕೆ ಒಂದು ಮಾತ್ರೆ ಉಳಿದಿದೆ. ಸೊಂಡಿಲಿನ ಯಂತ್ರವನ್ನು ಅಟ್ಟದ ಮೇಲಿಟ್ಟಿದೆ. ಪತ್ನಿಯು ರಾತ್ರಿ ನಿದ್ರೆ ಮಾಡುತ್ತಾಳೆ. ಮೊಣಕಾಲುಗಳಿಗೆ ಶಸ್ತ್ರಕ್ರಿಯೆಯೇ ಬೇಕಾಗಲಿಲ್ಲ. 2024ರ ಶ್ರಾದ್ಧದಲ್ಲಿ ಮಣೆಯ ಮೇಲೆ ಕುಳಿತೆನು, ನೆಲದ ಮೇಲಿನ ದರ್ಭೆಯಲ್ಲಿ ಪಿಂಡವನ್ನಿಟ್ಟೆನು, ನಮಸ್ಕಾರ ಮಾಡಿ ಯಾರ ಕೈಯನ್ನೂ ಹಿಡಿಯದೆ ಎದ್ದೆನು. ಪುರೋಹಿತರು ಏನೂ ಹೇಳಲಿಲ್ಲ. ಮಂತ್ರವನ್ನು ಒಂದು ಕ್ಷಣ ನಿಲ್ಲಿಸಿದ್ದರು, ಅಷ್ಟೆ.

ಉಣ್ಣುವ ಸುಖವು ಹೋಯಿತೆ ಎಂದು ಅನೇಕರು ಕೇಳುತ್ತಾರೆ. ಹೋಯಿತು. ಅದನ್ನು ಮರೆಮಾಚುವುದಿಲ್ಲ. ಪಂಕ್ತಿಯಲ್ಲಿ ಹದಿನೈದು ಹೋಳಿಗೆಗಳ ಮೇಲೆ ತುಪ್ಪವನ್ನು ಹುಯ್ಯಿಸಿಕೊಂಡು, ಬಡಿಸುವವನನ್ನೇ ಸೋಲಿಸಿದ ಆನಂದವು ಬೇರೆ ಯಾವುದರಿಂದಲೂ ಬರಲಾರದು. ಅರ್ಧ ಹೋಳಿಗೆಯ ರುಚಿಯನ್ನು ಧ್ಯಾನಿಸಿದರೆ ಅದೇ ಫಲವೆಂದು ಹೇಳುವವರು ಹದಿನೈದನ್ನು ತಿಂದವರಲ್ಲ. ಈಗ ಒಂದು ಬಟ್ಟಲಿನ ಅನ್ನಕ್ಕೆ ನನಗೆ ಅರ್ಧ ಗಂಟೆ ಹಿಡಿಯುತ್ತದೆ. ಮೊದಲೆಲ್ಲ ನನಗೆ ಬಡಿಸಿ, ನಾನು ಎದ್ದ ಮೇಲೆ ಒಬ್ಬಳೇ ಉಣ್ಣುತ್ತಿದ್ದ ಪತ್ನಿಯು, ಬಡಿಸುವುದಕ್ಕೆ ಏನೂ ಇಲ್ಲದೆ, ಕಾಯ್ದು ಬೇಸತ್ತು, ಒಂದು ದಿನ ತನ್ನ ತಟ್ಟೆಯನ್ನೂ ತಂದು ಎದುರಿಗೆ ಕುಳಿತಳು. ಅವಳು ಹುಳಿಯನ್ನು ಹೇಗೆ ಕಲಸಿಕೊಳ್ಳುತ್ತಾಳೆಂಬುದನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಆ ದಿನ.

ಕಳೆದ ತಿಂಗಳು ಹಳೆಯ ಶಿಷ್ಯನೊಬ್ಬ ಬಂದಿದ್ದನು. ನಲವತ್ತು ವರ್ಷ, 130 ಕಿಲೋ, ಸಣ್ಣ ಮಕ್ಕಳು. ವಾರಕ್ಕೊಮ್ಮೆ ಚುಚ್ಚಿಕೊಂಡು ಹಸಿವನ್ನು ತಗ್ಗಿಸುವ ಹೊಸ ಮದ್ದುಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ಅದೋ ಇದೋ ಎಂದು ಅವನ ಪ್ರಶ್ನೆ. ಅದನ್ನು ವೈದ್ಯರೇ ಹೇಳಬೇಕೆಂದೆನು. ನನ್ನ ಕಡತವನ್ನು ಕೊಟ್ಟು, ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗು, ಅವಳ ಪ್ರಶ್ನೆಗಳನ್ನು ಮೊದಲು ಕೇಳಿಸು ಎಂದೆನು. ಬರುವ ಸೋಮವಾರ ಇಬ್ಬರೂ ಹೋಗುತ್ತಾರಂತೆ.