ಕಾಯಿ ಅಟ್ಟಕ್ಕೊಂದು ಕಾವಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸೋದರಿಯರಿಗೆ ಅಟ್ಟ ಅಂದರೆ ಏನೂಂತ ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಒಂಬತ್ತು ತಿಂಗಳೋ ವರ್ಷವೋ ಬಿಟ್ಟರೆ, ಒಳಗಿನ ನೀರು ಇಂಗಿ ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಚಿಪ್ಪು ಒಡೆದು ತೆಗೆದದ್ದೇ ಉಂಡೆ ಕೊಬ್ಬರಿ. ಅಂದರೆ ವರ್ಷದ ಸಂಪಾದನೆಯೆಲ್ಲ ತಲೆಯ ಮೇಲೇ ಕೂತಿರುತ್ತೆ! 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 25 ಸಾವಿರ ರೂಪಾಯಿ ದಾಟಿದಾಗ ನಮ್ಮೂರಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಬೆಲೆ ಬಿದ್ದರೆ ಸಾಲದ ಚಿಂತೆ, ಏರಿದರೆ ಕಳ್ಳರ ಚಿಂತೆ. ನಮ್ಮ ಯಜಮಾನರು ತೋಟದ ಶೆಡ್ಡಿಗೆ ನಾಲ್ಕು ಕ್ಯಾಮೆರಾ ಹಾಕಿಸಿಯೇಬಿಟ್ಟರು.

ಹಾಕಿಸಿದವರು ಅವರು, ನೋಡಿಕೊಳ್ಳುವವಳು ನಾನು. ಕೆಟ್ಟಿದೆ ಅಂತ ಫೋನ್ ಮಾಡಿದರೆ ಜೋಡಿಸಿದ ಹುಡುಗ "ನಾಳೆ ಬರ್ತೀನಿ ಅಕ್ಕಾ" ಅನ್ನುತ್ತಾನೆ. ಆ ನಾಳೆ ಯಾವ ಪಂಚಾಂಗದಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ ಓದಿದವಳಿಗೆ ಇದೆಲ್ಲ ಹೇಗೆ ಬರುತ್ತೆ ಅಂತೀರಾ? ಮಿಕ್ಸಿ ನಿಂತರೆ ಮೊದಲು ಕರೆಂಟು ಬರ್ತಿದೆಯಾ ಅಂತ ನೋಡೋದಿಲ್ಲವೇ? ಇಲ್ಲೂ ಅಷ್ಟೇ.

ಈ ಕ್ಯಾಮೆರಾಗಳಿಗೆ ಒಂದೇ ವೈರು. ಕರೆಂಟು ಹೋಗುವುದೂ ಚಿತ್ರ ಬರುವುದೂ ಅದರಲ್ಲೇ. ಪಿಓಇ ಅಂತಾರೆ. ಸ್ವಿಚ್ ಅನ್ನುವ ಪುಟ್ಟ ಪೆಟ್ಟಿಗೆಯಿಂದ ವೈರು ಹೊರಡುತ್ತೆ. 100 ಮೀಟರಿನ ಒಳಗಿರಬೇಕು. ವೈರು ಸಿಕ್ಕಿಸುವ ಜಾಗದಲ್ಲಿ ದೀಪ ಆರಿದ್ದರೆ ವೈರನ್ನೋ ಕ್ಯಾಮೆರಾವನ್ನೋ ನೋಡಿ. ದೀಪವಿದ್ದೂ ಚಿತ್ರವಿಲ್ಲದಿದ್ದರೆ ಸೆಟ್ಟಿಂಗ್ ನೋಡಿ. ಪ್ರತಿ ಕ್ಯಾಮೆರಾಗೂ ಮನೆ ನಂಬರಿನ ಹಾಗೆ ಒಂದು ಐಪಿ ನಂಬರಿರುತ್ತೆ. ಎರಡಕ್ಕೂ ಒಂದೇ ನಂಬರಾದರೆ ಅಂಚೆಯವನು ಏನು ಮಾಡಿಯಾನು?

ನಮ್ಮ ಮೂರನೇ ಕ್ಯಾಮೆರಾದ ಕಥೆ ಕೇಳಿ. ಹಗಲೆಲ್ಲ ಚೆನ್ನಾಗಿರುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಆರುವುದು, ಹತ್ತುವುದು, ಮತ್ತೆ ಆರುವುದು. ನಮ್ಮತ್ತೆ ಗಾಳಿ ಚೇಷ್ಟೆ ಅಂದರು. ಹುಡುಗ ಹೊಸ ಕ್ಯಾಮೆರಾ ತಗೊಳ್ಳಿ ಅಂದ. ನಾನು ಅದನ್ನೇ ಬಿಚ್ಚಿಸಿ ಪೆಟ್ಟಿಗೆಯ ಪಕ್ಕದಲ್ಲೇ ಗಿಡ್ಡ ವೈರಿಗೆ ಸಿಕ್ಕಿಸಿದೆ. ರಾತ್ರಿಯಿಡೀ ನಡೆಯಿತು! ಕತ್ತಲಾದಾಗ ಕ್ಯಾಮೆರಾದೊಳಗಿನ, ನಮ್ಮ ಕಣ್ಣಿಗೆ ಕಾಣದ ಬೆಳಕಿನ ದೀಪಗಳು ಹತ್ತಿಕೊಂಡು ಜಾಸ್ತಿ ಕರೆಂಟು ಬೇಡುತ್ತವೆ. ತೋಟದ ತುದಿಯವರೆಗೆ ಎಳೆದದ್ದು ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ ಅಗ್ಗದ ವೈರು. ಅಷ್ಟು ದೂರ ತಡೆಯಲಿಲ್ಲ. ಅಪ್ಪಟ ತಾಮ್ರದ್ದು ಹಾಕಿಸಿದ ಮೇಲೆ ಗಾಳಿ ಬಿಟ್ಟುಹೋಯಿತು.

ರಾತ್ರಿ ಚಿತ್ರ ಬೆಳ್ಳಗೆ ಮಂಜು ಕವಿದಂತಿದ್ದರೆ ಜೇಡರ ಬಲೆ ಇರುತ್ತೆ, ಕೋಲಿಗೆ ಬಟ್ಟೆ ಸುತ್ತಿ ಒರೆಸಿ. ಕರೆಂಟು ಹೋದಾಗಲೂ ನಡೆಯಬೇಕಾದರೆ ಸ್ವಿಚ್ಚು, ರೆಕಾರ್ಡರು, ಇಂಟರ್‌ನೆಟ್ಟಿನ ರೂಟರು ಮೂರೂ ಯುಪಿಎಸ್ ಮೇಲಿರಬೇಕು. ರೆಕಾರ್ಡರಿನ ತಾರೀಕು, ಗಂಟೆ ಆಗಾಗ ನೋಡಿ. ನಾಳೆ ಠಾಣೆಗೆ ಹೋದಾಗ ಕಳ್ಳತನಕ್ಕಿಂತ ಹಿಂದಿನ ವರ್ಷದ ತಾರೀಕು ತೋರಿಸಿದರೆ ಯಾರು ನಂಬ್ತಾರೆ?

ಇಷ್ಟೆಲ್ಲ ಸರಿಯಾದ ಮೇಲೆ ಬಂತು ನೋಡಿ ನಿಜವಾದ ತೊಂದರೆ. ನಾಲ್ಕನೆಯದರ ಮುಖ ಅಂಗಳದ ಕಡೆಗಿತ್ತು. ಅಲ್ಲಿ ಕೊಬ್ಬರಿ ಒಡೆದು ಹೆರೆಯಲು ಆರು ಹೆಂಗಸರು ಬರುತ್ತಾರೆ. ಬೆಂಗಳೂರಿನಿಂದ ಮಗ ಫೋನ್ ಮಾಡಿದ: "ಅಮ್ಮಾ, ಅರ್ಧ ಗಂಟೆಯಿಂದ ಮಾತಾಡ್ತಾ ಕೂತಿದಾರೆ, ನೋಡ್ತಾ ಇದೀನಿ." ಅವನಿಗೇನು ಗೊತ್ತು, ಕೈ ಕುಯ್ದುಕೊಂಡವಳಿಗೆ ಬಟ್ಟೆ ಕಟ್ಟುತ್ತಿದ್ದರು. ಅವರಲ್ಲೊಬ್ಬಳು ಬಾಣಂತನ ಮುಗಿಸಿ ಬಂದವಳು. "ಅಮ್ಮಾವ್ರೆ, ಮಗೀಗೆ ಹಾಲು ಕುಡಿಸಾಕೂ ಗೋಡೆ ಹಿಂದಕ್ಕೆ ಹೋಗಬೇಕಾಯ್ತದೆ" ಅಂದಳು. ನನಗೆ ಅನ್ನ ಇಳಿಯಲಿಲ್ಲ.

ಯಜಮಾನರಿಗೆ ಹೇಳಿದೆ. "ಕಾಲ ಕೆಟ್ಟಿದೆ ಕಣೇ, ಯಾರನ್ನ ನಂಬೋದು?" ಅಂದರು. ಹದಿನೈದು ವರ್ಷದಿಂದ ಈ ಅಂಗಳದಲ್ಲಿ ಅವರು ಎಷ್ಟು ಚೀಲ ಕೊಬ್ಬರಿ ಒಡೆದಿದ್ದಾರೆ, ಒಂದು ಉಂಡೆ ಕಡಿಮೆಯಾಗಿದೆಯೇ ಹೇಳಿ ಅಂದೆ. ಪೇಪರ್ ಎತ್ತಿಕೊಂಡರು. ಮಾರನೇ ದಿನ ನಾನೇ ಏಣಿ ಹಿಡಿಸಿ ಕ್ಯಾಮೆರಾದ ಮುಖವನ್ನು ಶೆಡ್ಡಿನ ಬಾಗಿಲಿಗೆ ತಿರುಗಿಸಿದೆ. ಕಳ್ಳ ಬಂದರೂ ಬರಬೇಕಾದದ್ದು ಆ ಬಾಗಿಲಿನಿಂದಲೇ ತಾನೇ? ಕಂಪನಿಯಿಂದ ಬಂದಾಗಿನ ಪಾಸ್‌ವರ್ಡನ್ನು ಹುಡುಗ ಹಾಗೇ ಬಿಟ್ಟಿದ್ದ, ಅದನ್ನೂ ಬದಲಾಯಿಸಿದೆ. ಹೊಸದು ನನಗೂ ನಮ್ಮ ಯಜಮಾನರಿಗೂ ಗೊತ್ತು. ಮಗ ಈಗ ಮನೆ ಸಮಾಚಾರ ಬೇಕಾದರೆ ನನ್ನನ್ನೇ ಕೇಳುತ್ತಾನೆ.