ಬಾತುಕೋಳಿ ಕೊಳಕ್ಕೆ ಹೋದ ಪೆಂಗ್ವಿನ್‌ಗಳು

ಲಂಡನ್ ಮೃಗಾಲಯದಲ್ಲಿ ಒಂದು ಕೊಳವಿದೆ. ವಾಸ್ತುಶಿಲ್ಪಿ ಬರ್ತೋಲ್ಡ್ ಲ್ಯುಬೆಟ್ಕಿನ್ ಮತ್ತು ಅವರ ಜೊತೆಗಾರರು 1934ರಲ್ಲಿ ಪೆಂಗ್ವಿನ್‌ಗಳಿಗೆಂದು ಕಟ್ಟಿದ್ದು. ಮೊಟ್ಟೆಯಾಕಾರದ ಬಿಳಿ ಗೋಡೆ. ನಡುವೆ ಒಂದನ್ನೊಂದು ಬಳಸಿಕೊಂಡು ಇಳಿಯುವ ಎರಡು ತೆಳ್ಳನೆಯ ಕಾಂಕ್ರೀಟ್ ಇಳಿಜಾರುಗಳು. ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ದರ್ಜೆ. ಅಲ್ಲಿ ಈಗ ಒಂದು ಪೆಂಗ್ವಿನ್ನೂ ಇಲ್ಲ. 2004ರಲ್ಲಿ ದುರಸ್ತಿಗೆಂದು ಹಕ್ಕಿಗಳನ್ನು ಸ್ವಲ್ಪ ಕಾಲದ ಮಟ್ಟಿಗೆ ಬಾತುಕೋಳಿಗಳ ಕೊಳಕ್ಕೆ ಸಾಗಿಸಿದರು. ಅಲ್ಲಿ ಅವು ಎಷ್ಟು ಚೆನ್ನಾಗಿ ಹೊಂದಿಕೊಂಡವೆಂದರೆ, ಹಳೆಯ ಮನೆಗೆ ಮತ್ತೆ ಕರೆತರಲೇ ಇಲ್ಲ.

ಜಗತ್ತು ಮೆಚ್ಚಿದ ಮನೆ ಅದರಲ್ಲಿದ್ದವರಿಗೇ ಏಕೆ ಒಗ್ಗಲಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ತೋಚಿದ್ದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

*

ಉತ್ತರದ ಒಂದು ಭಾಗ ಪಾದದಲ್ಲಿದೆ. ಗಟ್ಟಿ ಕಾಂಕ್ರೀಟಿನ ಮೇಲೆ ದಿನವೂ ನಡೆದು ಹಕ್ಕಿಗಳ ಅಂಗಾಲು ತರಚುತ್ತಿತ್ತು, ಸೋಂಕಾಗುತ್ತಿತ್ತು. ಇನ್ನೊಂದು ಭಾಗ ಗೂಡಿನಲ್ಲಿದೆ. ಉದಾಹರಣೆಗೆ, ಪೆರು, ಚಿಲಿಯ ಕರಾವಳಿಯ ಹಂಬೋಲ್ಟ್ ಪೆಂಗ್ವಿನ್ ಕಡಲಹಕ್ಕಿಗಳ ಹಿಕ್ಕೆ ಬಿದ್ದು ಗಟ್ಟಿಯಾದ ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಜಾತಿ. ಕಾಂಕ್ರೀಟನ್ನು ಯಾವ ಹಕ್ಕಿ ತೋಡೀತು? 2011ರಲ್ಲಿ ಲಂಡನ್ ಮೃಗಾಲಯದಲ್ಲಿ ಹೊಸ ಪೆಂಗ್ವಿನ್ ತೀರ ತೆರೆಯಿತು. ಅಲ್ಲಿ ಮರಳಿದೆ, ಬೆಣಚುಕಲ್ಲಿದೆ, ಮುಳುಗಿ ಈಜುವಷ್ಟು ಆಳದ ನೀರಿದೆ. ಕಣ್ಣಿಗೆ ಅದೊಂದು ಸಾಧಾರಣ ಜಾಗ. ಪಾದಕ್ಕೆ ಹಾಗಲ್ಲ.

*

ಅದೇ ಮೃಗಾಲಯದಲ್ಲಿ ಇನ್ನೂ ಹಳೆಯ ಮನೆಯೊಂದಿದೆ. ಡೆಸಿಮಸ್ ಬರ್ಟನ್ 1836ರ ಸುಮಾರಿಗೆ ಜಿರಾಫೆಗಳಿಗೆ ಕಟ್ಟಿದ್ದು. ಅದಕ್ಕೆ ಅಲಂಕಾರ ಕಡಿಮೆ, ಬಾಗಿಲು ಮಾತ್ರ ತುಂಬ ಎತ್ತರ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಜಿರಾಫೆಗಳೇ ಇದ್ದವು. ಬರ್ಟನ್ ಮೊದಲು ಪ್ರಾಣಿಯ ಕತ್ತಿನ ಅಳತೆ ಹಿಡಿದು, ಆಮೇಲೆ ಗೋಡೆ ಎಬ್ಬಿಸಿದಂತಿದೆ. ಜಿರಾಫೆಯ ಎತ್ತರ ಅಂದಿಗೂ ಇಂದಿಗೂ ಒಂದೇ, ಬದಲಾದದ್ದು ನಮ್ಮ ಅಭಿರುಚಿ.

*

1907ರಲ್ಲಿ ಪ್ರಾಣಿ ವ್ಯಾಪಾರಿ ಕಾರ್ಲ್ ಹ್ಯಾಗೆನ್‌ಬೆಕ್ ಹ್ಯಾಂಬರ್ಗ್ ಬಳಿಯ ಸ್ಟೆಲಿಂಗನ್‌ನಲ್ಲಿ ತಾನು ತೆರೆದ ಮೃಗಾಲಯದಲ್ಲಿ ಕಂಬಿಗಳ ಬದಲು ಕಂದಕ ತೋಡಿಸಿದ. ಯಾವ ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ಹಾರುತ್ತದೆಂದು ಮೊದಲೇ ಪರೀಕ್ಷೆ ಮಾಡಿ ಅಳತೆ ಗೊತ್ತುಮಾಡಿದ್ದ. ಇವತ್ತು ನಮ್ಮ ಮೈಸೂರಿನ ಮೃಗಾಲಯದಲ್ಲಿ ಕಂದಕದಾಚೆ ನಿಂತ ಹುಲಿಯನ್ನು ನೋಡುವಾಗ ನಾವು ನೋಡುತ್ತಿರುವುದು ಆ ಆಲೋಚನೆಯನ್ನೇ.

ಕಂಬಿ ಹೋದಾಗ ನಮ್ಮ ಮನಸ್ಸಿಗೆ ಹಾಯೆನಿಸುತ್ತದೆ. ಹುಲಿಗೆ? ಕಂಬಿಯಷ್ಟೇ ಬಿಗಿಯಾಗಿ ಕಂದಕವೂ ಅದನ್ನು ತಡೆಯುತ್ತದೆ. ಕಂದಕದ ಜೊತೆಗೆ ಮಣ್ಣು, ನೆರಳು, ನೀರು, ಮರೆ ಬಂದವೋ, ಆಗ ಹುಲಿಗೂ ಲಾಭ. ಬರೀ ಕಂದಕ ಬಂದರೆ ನೋಟ ಮಾತ್ರ ಚಂದವಾಯಿತು.

*

ಮರೆ ಎಂದೆನಲ್ಲ. ಸ್ವಿಸ್ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ ಇದನ್ನು ಬಹಳ ಹಿಂದೆಯೇ ವಿವರಿಸಿದ್ದರು. ಅಪಾಯ ಹತ್ತಿರ ಬಂದರೆ ಪ್ರತಿ ಪ್ರಾಣಿಯೂ ಒಂದು ಗೊತ್ತಾದ ದೂರದಲ್ಲೇ ಓಡಿಹೋಗುತ್ತದೆ. ಆವರಣ ಆ ದೂರಕ್ಕಿಂತ ಕಿರಿದಾಗಿದ್ದು ಅಡಗಲು ಜಾಗವೂ ಇಲ್ಲದಿದ್ದರೆ ಅದಕ್ಕೆ ನೆಮ್ಮದಿಯಿಲ್ಲ. ಹಾಗಾಗಿ ಆವರಣದ ನವೀಕರಣದಲ್ಲಿ ಮೊದಲು ಬೇಕಾದದ್ದು ಒಂದು ಪೊದೆ, ಒಂದು ಬಂಡೆಯ ಹಿಂಬದಿ, ಎತ್ತರದ ಒಂದು ಅಟ್ಟಣೆ.

ಟಿಕೆಟ್ ಕೊಂಡು ಬಂದವರು ಪ್ರಾಣಿ ಕಾಣಲಿಲ್ಲವೆಂದು ಬೇಸರಪಡುವುದಿಲ್ಲವೇ? ಇದಕ್ಕೂ ಬಲ್ಲವರು ದಾರಿ ಹುಡುಕಿದ್ದಾರೆ. ಚಳಿಯ ಊರುಗಳಲ್ಲಿ ಗಾಜಿನ ಪಕ್ಕದ ಬಂಡೆಯನ್ನು ಒಳಗಿನಿಂದ ಬೆಚ್ಚಗೆ ಮಾಡುತ್ತಾರೆ, ಸಿಂಹ ತಾನಾಗಿ ಬಂದು ಮಲಗುತ್ತದೆ. ಬೇಡವೆನಿಸಿದರೆ ಎದ್ದು ಹೋಗಬಹುದು. ಆ ಆಯ್ಕೆ ಅದರ ಕೈಯಲ್ಲಿರುವುದೇ ಮುಖ್ಯ.

*

ಎಷ್ಟು ನವೀಕರಿಸಿದರೂ ಸಾಲದ ಪ್ರಾಣಿಗಳಿವೆ. 2003ರಲ್ಲಿ ಸಂಶೋಧಕರಾದ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಮಾಂಸಾಹಾರಿ ಪ್ರಾಣಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಕಾಡಿನಲ್ಲಿ ಹೆಚ್ಚು ವಿಸ್ತಾರದಲ್ಲಿ ತಿರುಗುವ ಜಾತಿಗಳೇ ಸೆರೆಯಲ್ಲಿ ಹೆಚ್ಚು ನವೆಯುತ್ತವೆ, ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಶತಪಥ ಹಾಕುತ್ತವೆ ಎಂದು ಅದು ತೋರಿಸಿತು. ಹಿಮಕರಡಿಗೆ ಮೃಗಾಲಯದಲ್ಲಿ ಸಾಮಾನ್ಯವಾಗಿ ಸಿಗುವ ಜಾಗ, ಅದು ತನ್ನ ಸಹಜ ನೆಲೆಯಲ್ಲಿ ಓಡಾಡುವ ಕನಿಷ್ಠ ಪ್ರದೇಶದ ಹತ್ತು ಲಕ್ಷದಲ್ಲೊಂದು ಪಾಲು.

ಲಂಡನ್ ಮೃಗಾಲಯದಲ್ಲಿ 1960ರ ದಶಕದಲ್ಲಿ ಆನೆಗಳಿಗೊಂದು ದೊಡ್ಡ ಮನೆ ಕಟ್ಟಿದ್ದರು. ಆನೆಯ ಚರ್ಮವನ್ನು ಹೋಲಲೆಂದು ಹೊರಗೋಡೆಯ ಕಾಂಕ್ರೀಟನ್ನು ಗೀರುಗೀರಾಗಿ ಒರಟು ಮಾಡಿದ್ದರು. 2001ರಲ್ಲಿ ಆನೆಗಳನ್ನು ಊರಾಚೆಯ ವಿಪ್ಸ್‌ನೇಡಿನ ವಿಶಾಲ ಬಯಲಿಗೆ ಕಳಿಸಿದರು. ಬಿಟ್ಟುಕೊಡುವುದೂ ಒಂದು ನವೀಕರಣವೇ ಎಂದು ನನಗನ್ನಿಸಿದ್ದು ಇದನ್ನು ಓದಿದಾಗ.

*

ಮೈಸೂರಿನ ಪೋಲೋವನ್ನು ನೆನೆಯದೆ ಈ ಟಿಪ್ಪಣಿ ಮುಗಿಯುವುದಿಲ್ಲ. 1995ರಲ್ಲಿ ಡಬ್ಲಿನ್‌ನಿಂದ ಬಂದ ಗೊರಿಲ್ಲಾ. 2014ರಲ್ಲಿ ತೀರಿಕೊಳ್ಳುವವರೆಗೆ ಎಷ್ಟೋ ವರ್ಷ ಇಡೀ ಭಾರತಕ್ಕೆ ಅದೊಂದೇ ಗೊರಿಲ್ಲಾ. ಗೊರಿಲ್ಲಾ ಗುಂಪಿನಲ್ಲಿ ಬಾಳುವ ಜೀವಿ. ಮರ ನೆಡಬಹುದು, ಹಗ್ಗ ಕಟ್ಟಬಹುದು, ಹಣ್ಣನ್ನು ಹುಡುಕಿ ತಿನ್ನುವಂತೆ ಅಡಗಿಸಿಡಬಹುದು. ಇನ್ನೊಂದು ಗೊರಿಲ್ಲಾವನ್ನು ಸಿಮೆಂಟಿನಲ್ಲಿ ಕಟ್ಟಲಾಗದು. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಅಣ್ಣತಮ್ಮಂದಿರು ಬಂದಾಗ ನನಗೆ ಸಮಾಧಾನ ತಂದದ್ದು ಅವು ಒಟ್ಟಿಗೆ ಬಂದವಲ್ಲ ಎಂಬುದು. ಜೊತೆಯೂ ಮನೆಯ ಭಾಗ.

*

ಮೈಸೂರಿನಲ್ಲೇ ಒಮ್ಮೆ ಚಿರತೆಯ ಆವರಣದ ಮುಂದೆ ಅರ್ಧ ಗಂಟೆ ನಿಂತೆ. ಬಂದವರೆಲ್ಲ ಒಂದೆರಡು ನಿಮಿಷ ಇಣುಕಿ "ಏನೂ ಕಾಣ್ತಿಲ್ಲ, ಬಾ" ಎಂದು ಮುಂದೆ ಹೋದರು. ಮಗುವೊಂದು ಹಟ ಹಿಡಿಯಿತು. ಜೊತೆಗಿದ್ದ ಅಜ್ಜಿ, "ಮಲಗಿರ್ಬೇಕು ಬಿಡು ಕಂದಾ, ಅದಕ್ಕೂ ದಣಿವಾಗಲ್ವಾ?" ಎಂದರು. ನಾನು ಓದಿ ತಿಳಿದುಕೊಂಡದ್ದನ್ನೆಲ್ಲ ಆ ತಾಯಿ ಒಂದು ಮಾತಿನಲ್ಲಿ ಹೇಳಿಬಿಟ್ಟರು.

*

ನಮ್ಮ ದೇಶದ ಮೃಗಾಲಯಗಳು ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕೆಂಬುದು ನಿಯಮ. ಮೈಸೂರಿನಲ್ಲಿ ಅದು ಮಂಗಳವಾರ. ನಮ್ಮ ಕಣ್ಣುಗಳಿಂದ ಅವುಗಳಿಗೆ ಸಿಗುವ ಒಂದು ದಿನದ ಬಿಡುವು. ಮಿಕ್ಕ ಆರು ದಿನ ಆ ಬಿಡುವನ್ನು ನಾವು ಕೊಡಬಹುದು. ಗಾಜು ತಟ್ಟಬೇಡಿ, ಕೂಗಬೇಡಿ, ಕಲ್ಲೆಸೆಯಬೇಡಿ. ಹೊಸ ಆವರಣದಲ್ಲಿ ಪ್ರಾಣಿ ಕಾಣದಿದ್ದರೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಆಗಲೂ ಕಾಣದಿದ್ದರೆ, ಅಡಗಲು ಅದಕ್ಕೊಂದು ಜಾಗ ಸಿಕ್ಕಿದೆ ಎಂದು ತಿಳಿದು ಮುಂದೆ ಹೋಗಿ.