ಒತ್ತಕ್ಷರದೊಳಗಿನ ಮಸಿ

ಕಾಸರಗೋಡಿನಿಂದ ಬದಿಯಡ್ಕಕ್ಕೆ ಹೋಗುವ ಬಸ್ಸು ವಿದ್ಯಾನಗರ, ಚೆರ್ಕಳಗಳನ್ನು ದಾಟಿ ಎಡನೀರಿನತ್ತ ಹೊರಳಿಕೊಂಡರೆ ಹೆದ್ದಾರಿಯ ಧೂಳು ಹಿಂದುಳಿಯುತ್ತದೆ. ಅಡಕೆ ತೋಟಗಳೂ ಮುರಕಲ್ಲಿನ ಬೋಳುಗುಡ್ಡಗಳೂ ಒಂದರ ಬೆನ್ನಿಗೊಂದು ಎದುರಾಗುತ್ತವೆ. ಅಂಗಡಿಗಳ ಫಲಕಗಳಲ್ಲಿ ಮಲಯಾಳ, ಇಂಗ್ಲಿಷ್, ಕನ್ನಡ ಮೂರೂ ಇವೆ. ಯಾವ ಲಿಪಿ ಮೇಲಿದೆ, ಯಾವುದು ಕೆಳಗಿದೆ, ಯಾವುದರ ಅಕ್ಷರ ಸಣ್ಣದಾಗಿದೆ ಎಂಬುದನ್ನು ನೋಡಿಯೇ 1956ರ ನವೆಂಬರ್ 1ರ ಬಳಿಕದ ಇಲ್ಲಿಯ ಚರಿತ್ರೆಯನ್ನು ಅರ್ಧಕ್ಕರ್ಧ ಹೇಳಿಬಿಡಬಹುದು. ಬಸ್ಸಿನಲ್ಲಿ ಕುಳಿತು ಫಲಕ ಓದುವ ಚಟ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆಲ್ಲ ಇದೆ; ತಪ್ಪು ಸಿಕ್ಕಿದರೆ ಅವರಿಗೆ ಪರಮಾನಂದ.

ಈ ದಾರಿಯ ಒಂದು ಮರಗೆಲಸದ ಕೊಟ್ಟಿಗೆಗೆ ನಾನು ಹೋದದ್ದು ರಕ್ಷಕ-ಶಿಕ್ಷಕ ಸಂಘದ ಪರವಾಗಿ. ನಿವೃತ್ತರಾದ ಅಧ್ಯಾಪಕರಿಗೆ ಕೊಡಲು 22 ಸ್ಮರಣಫಲಕಗಳು ಬೇಕಾಗಿದ್ದವು. ಕಳೆದ ಸಲ ಪೇಟೆಯ ಅಂಗಡಿಯೊಂದರಲ್ಲಿ ಮಾಡಿಸಿದವುಗಳಲ್ಲಿ ಮರಕ್ಕೂ ಕೊರತೆಯಿರಲಿಲ್ಲ, ಯಂತ್ರದ ಕೆತ್ತನೆಗೂ ಕೊರತೆಯಿರಲಿಲ್ಲ. ಕೆತ್ತಿದ ಮೇಲೆ ಮಸಿ ತೆಗೆದ ಕೈಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅಷ್ಟೇ. ಅಕ್ಷರಗಳ ಅಡಿಯಲ್ಲಿ ಕಂಡ ಕಿರಿದಾದ ಗುರುತುಗಳನ್ನು ಹೊಗೆಯ ಕಲೆಯೆಂದೇ ತಿಳಿದು ಆ ಕೈ ಚೆನ್ನಾಗಿ ಉಜ್ಜಿತ್ತು. ಬದಿಯಡ್ಕ ‘ಬದಿಯಡ’ವಾಗಿತ್ತು. ಒಬ್ಬ ಟೀಚರ ಹೆಸರಿನ ‘ಲಕ್ಷ್ಮಿ’ಯಲ್ಲಿ ಮಕಾರದ ಒತ್ತು ಮಾಯವಾಗಿತ್ತು. ಮೂವತ್ತು ವರ್ಷ ಮಕ್ಕಳ ಒತ್ತಕ್ಷರಗಳನ್ನು ತಿದ್ದಿದವರಿಗೆ ಒತ್ತಿಲ್ಲದ ಹೆಸರನ್ನು ಹಾರಹಾಕಿ ಕೊಟ್ಟೆವು. ಅವರು ನಕ್ಕು ಸ್ವೀಕರಿಸಿದರು. ಆ ನಗು ನಮ್ಮ ಸಂಘದ ಪ್ರತಿಯೊಂದು ಸಭೆಯಲ್ಲಿಯೂ ಇನ್ನೂ ಚರ್ಚೆಯಾಗುತ್ತಿದೆ.

ಕೊಟ್ಟಿಗೆಯ ಒಂದು ಬದಿಯಲ್ಲಿ ಹಳೆಯ ಉಳಿ, ಕೊಡತಿಗಳು. ಇನ್ನೊಂದು ಬದಿಯಲ್ಲಿ ಮುಚ್ಚಳವಿರುವ ದೊಡ್ಡ ಪೆಟ್ಟಿಗೆಯಂಥ ಲೇಸರ್ ಯಂತ್ರ. ಯಂತ್ರ ಮಗನದು, ಉಳಿ ಅಪ್ಪನದು. ಯಂತ್ರದೊಳಗಿನ ಗಾಜಿನ ಕೊಳವೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಹುಟ್ಟುವ ಕಿರಣ ಕಣ್ಣಿಗೆ ಕಾಣದು. ಕನ್ನಡಿಗಳ ಮೇಲೆ ಹೊರಳಿ, ಮಸೂರದಲ್ಲಿ ಒಂದು ಬಿಂದುವಾಗಿ ಮರದ ಮೇಲೆ ಬೀಳುತ್ತದೆ. ಈ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ ಎಂಬುದನ್ನು ನಮ್ಮ ಮಕ್ಕಳು ತಿಳಿದಿರುವುದು ಒಳ್ಳೆಯದು.

ಉಳಿ ಮರವನ್ನು ಸೀಳುತ್ತದೆ. ಚಕ್ಕೆ ಕೆಳಗೆ ಬೀಳುತ್ತದೆ, ಕೆಲಸ ಮುಗಿಯಿತು. ಮಧೂರು ದೇವಾಲಯದ ಮರದ ಕೆತ್ತನೆಗಳನ್ನು ಮಾಡಿದವರಿಗೆ ಮಸಿಯ ಚಿಂತೆ ಇದ್ದಿರಲಾರದು. ಲೇಸರ್ ಮಾತ್ರ ಮರವನ್ನು ಸುಡುತ್ತದೆ. ಸುಟ್ಟ ಭಾಗ ಹೊಗೆಯಾಗಿ ಮೇಲೇಳುತ್ತದೆ. ಆ ಹೊಗೆಯಲ್ಲಿ ಬೂದಿಯೊಂದೇ ಅಲ್ಲ, ಮರದ ಅಂಟು ಕಾದು ಹುಟ್ಟಿದ ಟಾರಿನಂಥ ದ್ರವ್ಯವೂ ಇರುತ್ತದೆ. ತಣ್ಣಗಾದಂತೆ ಅದು ಸುತ್ತಲಿನ ಮರಕ್ಕೆ ಕಂದುಬಣ್ಣದ ಲೇಪವಾಗಿ ಹಿಡಿಯುತ್ತದೆ. ಬರಿಯ ಬೂದಿಯಾಗಿದ್ದರೆ ಊದಿದರೆ ಹೋಗುತ್ತಿತ್ತು. ಇದು ಹೋಗದು.

“ತಾಳೆಗರಿ ನೋಡಿದ್ದೀರಲ್ಲ ಮಾಷ್ಟ್ರೇ?” ಎಂದು ಆಚಾರಿಯವರು ಕೇಳಿದರು. ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀಚಿದ ಅಕ್ಷರ ಮೊದಲಿಗೆ ಕಾಣುವುದೇ ಇಲ್ಲ. ಮೇಲೆ ದೀಪದ ಮಸಿಯನ್ನು ಬಳಿದು ಒರೆಸಿದಾಗ ಗೀರಿನೊಳಗೆ ಮಸಿ ನಿಲ್ಲುತ್ತದೆ, ಗರಿಯ ಮೈ ಶುಭ್ರವಾಗುತ್ತದೆ, ಅಕ್ಷರ ಎದ್ದು ನಿಲ್ಲುತ್ತದೆ. “ಇದೂ ಹಾಗೆಯೇ. ಒಳಗಿನ ಕಪ್ಪು ಬೇಕು, ಹೊರಗಿನದು ಬೇಡ. ಎಲ್ಲವನ್ನೂ ತೆಗೆದರೆ ಹೆಸರೂ ಹೋಯಿತು.” ನಮ್ಮ ಭಾಷೆಯಲ್ಲಿ ಹೊಗೆಯ ಕರಿಗೂ ಬರೆಯುವ ಶಾಯಿಗೂ ಮಸಿಯೆಂಬ ಒಂದೇ ಮಾತು ಇರುವುದು ಸುಮ್ಮನೆ ಅಲ್ಲವೆನಿಸಿತು.

ಅವರ ಕೆಲಸ ಒಣ ಕುಂಚದಿಂದ ಆರಂಭವಾಗುತ್ತದೆ. ಮೆತ್ತನೆಯ ಕೂದಲಿನ ಕುಂಚವನ್ನು ಮರದ ಎಳೆಯ ದಿಕ್ಕಿನಲ್ಲೇ, ಒತ್ತದೆ, ತೇಲಿಸಿದಂತೆ ಆಡಿಸುತ್ತಾರೆ. ಮೊದಲೇ ಒದ್ದೆ ಬಟ್ಟೆ ಹಾಕಿದರೆ ಸಡಿಲವಾಗಿದ್ದ ಕರಿ ಕೆಸರಾಗಿ ಎಳೆಗಳ ನಡುವೆ ಇಳಿಯುತ್ತದೆ. ಆಮೇಲೆ ಅದನ್ನು ಹೊರಡಿಸಲು ಬ್ರಹ್ಮನಿಂದಲೂ ಆಗದು. ಅಕ್ಷರದ ಒಳಗಿನ ಸಡಿಲ ಪುಡಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ‘ಥ’ಕಾರದ ಹೊಟ್ಟೆ, ‘ಧ’ಕಾರದ ಕೆಳಗಿನ ಸೀಳು, ‘ಫ’ಕಾರದ ಗೀಟು ಇವೆಲ್ಲ ಪುಡಿ ಕೂರುವ ಜಾಗಗಳು. ಅವು ತುಂಬಿಕೊಂಡರೆ ‘ಧನಂಜಯ’ರು ‘ದನಂಜಯ’ರಾಗುತ್ತಾರೆ.

ಬಳಿಕ ಸ್ಪಿರಿಟ್. ಐಸೊಪ್ರೊಪೈಲ್ ಆಲ್ಕೊಹಾಲ್ ಎಂದು ಶೀಶೆಯ ಮೇಲೆ ಬರೆದಿರುತ್ತದೆ. ಬಟ್ಟೆಯನ್ನು ಅದರಲ್ಲಿ ಅದ್ದುವುದಲ್ಲ, ತೇವ ಮಾಡುವುದು. ಎಳೆಯ ಉದ್ದಕ್ಕೆ ಒಮ್ಮೆ ಎಳೆದು, ಬಟ್ಟೆಯ ಮಗ್ಗುಲು ಬದಲಿಸಿ, ಮತ್ತೊಮ್ಮೆ. ಅದೇ ಮಗ್ಗುಲಿನಿಂದ ಮತ್ತೆ ಒರೆಸಿದರೆ ಇಲ್ಲಿಂದ ತೆಗೆದ ಕಲೆಯನ್ನು ಅಲ್ಲಿಗೆ ಹಚ್ಚಿದಂತಾಯಿತು. ನೀರಿಗಿಂತ ಸ್ಪಿರಿಟ್ ಏಕೆಂದರೆ ಅಂಟಿನ ಲೇಪವನ್ನು ಅದು ಕರಗಿಸುತ್ತದೆ, ಬೇಗ ಆರುತ್ತದೆ, ಮರದ ಎಳೆಗಳನ್ನು ನೀರಿನಷ್ಟು ಎಬ್ಬಿಸುವುದಿಲ್ಲ. ಎಂಡಿಎಫ್ ಎಂಬ ಹೊಟ್ಟಿನ ಹಲಗೆಗಂತೂ ನೀರು ತಾಗಲೇಬಾರದು, ಹಪ್ಪಳದಂತೆ ಉಬ್ಬುತ್ತದೆ. ಸ್ಪಿರಿಟ್ ಬೆಂಕಿಯ ಬಂಧು ಎಂಬುದನ್ನು ಮರೆಯಬಾರದು: ಕಿಟಕಿ ತೆರೆದಿರಬೇಕು, ಯಂತ್ರ ನಿಂತಿರಬೇಕು, ಒದ್ದೆ ಹಲಗೆಯನ್ನು ಮತ್ತೆ ಲೇಸರಿನಡಿ ಇಡಕೂಡದು. ಮನೆಯಲ್ಲಾದರೆ ದೊಡ್ಡವರಿಲ್ಲದೆ ಮಕ್ಕಳ ಕೈಗೆ ಈ ಶೀಶೆ ಬೇಡ.

ಮರದ ಜಾತಿ ತಿಳಿಯದವನು ಇಲ್ಲಿ ಎಡವುತ್ತಾನೆ. ಹಲಸಿನ ಹಲಗೆಯನ್ನು ಒರೆಸಿದಾಗ ಬಟ್ಟೆ ಹಳದಿಯಾಗುತ್ತದೆ. ಅದು ಕೊಳೆಯಲ್ಲ, ಮರದ ಸ್ವಂತ ಬಣ್ಣ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಿದ್ದು ಇದೇ ಹಲಸಿನ ಮರ. ‘ಇನ್ನೂ ಬರುತ್ತಿದೆ’ ಎಂದು ಒರೆಸುತ್ತಲೇ ಹೋದರೆ ಹಲಗೆಯ ಕಳೆ ಹೋಗುತ್ತದೆ. ಬೀಟೆಯ ಮೈಯೇ ಕಪ್ಪು, ಅಕ್ಷರ ಕಾಣುವುದೇ ಕಷ್ಟ. ಇನ್ನು ಮೊದಲೇ ಅರಗಿನ ಪಾಲಿಶ್ ಮಾಡಿದ ಹಲಗೆಯಿದೆಯಲ್ಲ, ಅದಕ್ಕೆ ಸ್ಪಿರಿಟ್ ಪರಮಶತ್ರು. ಅರಗನ್ನು ಕರಗಿಸಿ ಪಾಲಿಶ್ ಮಾಡುವುದೇ ಸ್ಪಿರಿಟಿನಲ್ಲಿ. ಒರೆಸಿದರೆ ಪಾಲಿಶ್ ಮಸಿಯೊಡನೆ ಸೇರಿ ಪಾಯಸವಾಗುತ್ತದೆ. ಆದುದರಿಂದ ಪ್ರತಿ ಹಲಗೆಯ ಹಿಂಬದಿಯ ಮೂಲೆಯಲ್ಲಿ ಒಂದು ಬೆರಳಗಲ ಪರೀಕ್ಷಿಸಿಯೇ ಆಚಾರಿಯವರು ಮುಂದುವರಿಯುತ್ತಾರೆ.

ಆದರೂ ಹೋಗದ ಕಂದು ಉಳಿದರೆ ಮಾತ್ರ ಸ್ಯಾಂಡ್ ಪೇಪರ್: ಮೊದಲು 220, ಆಮೇಲೆ 320. ಬೆರಳಿನಿಂದ ಒತ್ತಿ ಉಜ್ಜಿದರೆ ಕಾಗದ ಅಕ್ಷರದ ಅಂಚಿನಲ್ಲಿ ತಗ್ಗಿ, ಆಳವಿಲ್ಲದ ಒತ್ತಕ್ಷರವನ್ನು ನೆಕ್ಕಿಬಿಡುತ್ತದೆ. ನಮ್ಮ ಹಿಂದಿನ ಫಲಕಗಳಿಗೆ ಆದದ್ದೂ ಇದೇ. ಕಾಗದವನ್ನು ಸಮತಟ್ಟಾದ ಮರದ ತುಂಡಿಗೆ ಸುತ್ತಿ ಉಜ್ಜಬೇಕು, ಅದೂ ಎಳೆಯ ಉದ್ದಕ್ಕೆ. ಪ್ಲೈವುಡ್ಡಿನ ಮೇಲ್ಪದರ ಒಂದು ಮಿಲಿಮೀಟರಿಗಿಂತಲೂ ತೆಳುವಾಗಿರುವುದುಂಟು. ನಾಲ್ಕು ಬಾರಿ ಹೆಚ್ಚು ಉಜ್ಜಿದರೆ ಒಳಗಿನ ಅಂಟು ಇಣುಕುತ್ತದೆ. ಉಜ್ಜುವಾಗ ಆಚಾರಿಯವರು ಹೆಸರನ್ನು ತುಟಿಯಲ್ಲೇ ಓದಿಕೊಳ್ಳುವುದನ್ನು ಕಂಡೆ. ಅವರು ಕಲಿತದ್ದು ಇಲ್ಲಿಯದೇ ಕನ್ನಡ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮಗ ಕಲಿತದ್ದು ಇಂಗ್ಲಿಷ್ ಮಾಧ್ಯಮದಲ್ಲಿ; ಯಂತ್ರಕ್ಕೆ ಹೆಸರು ಊಡಿಸುವವನು ಅವನು. ಕನ್ನಡ ಕೂಡಿಸಲು ಬಾರದ ತಂತ್ರಾಂಶದಲ್ಲಿ ಒತ್ತು ಬಿಚ್ಚಿಕೊಂಡು ಪಕ್ಕಕ್ಕೆ ಬಂದು ನಿಂತರೂ ಅವನಿಗೆ ತಿಳಿಯದು. “ಅಪ್ಪ ಒಮ್ಮೆ ನೋಡದೆ ಸ್ಟಾರ್ಟ್ ಒತ್ತುವುದಿಲ್ಲ” ಎಂದು ಅವನೇ ಹೇಳಿದ. ಅಪ್ಪನ ಅನಂತರ ಯಾರು ನೋಡುವುದೆಂದು ನಾನು ಕೇಳಲಿಲ್ಲ. ಆ ಪ್ರಶ್ನೆ ಆ ಕೊಟ್ಟಿಗೆಯೊಂದರದೇ ಅಲ್ಲವಷ್ಟೆ.

ಮಸಿ ಹತ್ತದಂತೆಯೇ ಮಾಡಬಾರದೆ? ಮಾಡಬಹುದು. ಕೆತ್ತುವ ಮುನ್ನ ಹಲಗೆಯ ಮೇಲೆ ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಹೊಗೆ ಅದಕ್ಕೇ ಹತ್ತುತ್ತದೆ, ಕಿತ್ತರೆ ಮರ ಶುಭ್ರ. ಕೋನಕೋನವಾದ ಇಂಗ್ಲಿಷ್ ಅಕ್ಷರಗಳಿಗೆ ಇದು ಸಲೀಸು. ನಮ್ಮ ದುಂಡು ಅಕ್ಷರಗಳಲ್ಲಿ ಪ್ರತಿ ಹೊಟ್ಟೆಯೊಳಗೂ ಟೇಪಿನ ಒಂದು ಸಾಸಿವೆಯಷ್ಟು ತುಣುಕು ಉಳಿಯುತ್ತದೆ. ಸೂಜಿಯಿಂದ ಒಂದೊಂದಾಗಿ ಎಬ್ಬಿಸಬೇಕು. 22 ಫಲಕಗಳಿಗೆ ಒಂದಿಡೀ ಮಧ್ಯಾಹ್ನ. ಈ ಕೆಲಸಕ್ಕೆ ನಾನೂ ಕುಳಿತೆ.

ಕೊನೆಯ ಲೇಪಕ್ಕೆ ನಮ್ಮ ಕಡೆಯವರು ತೆಂಗಿನೆಣ್ಣೆ ಸವರುವುದುಂಟು. ಬೇಡ. ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ಜಿಡ್ಡಾಗಿಯೇ ಉಳಿದು ಧೂಳನ್ನು ಕರೆಯುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಹೊರಗೆ ಹಗ್ಗದ ಮೇಲೆ ಬಿಡಿಸಿ ಒಣಗಿಸಬೇಕು. ಕೊಟ್ಟಿಗೆಯ ಹಿಂದೆ ಅಂಥ ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು.

ವೃತ್ತಿಪರಿಚಯ ಮೇಳಕ್ಕೆ ಮರಗೆತ್ತನೆ ಕಲಿಯುವ ಮಕ್ಕಳಿಗೆಂದು ಆಚಾರಿಯವರು ಹಲಸಿನ ಕೆಲವು ತುಂಡುಗಳನ್ನು ಕಟ್ಟಿಕೊಟ್ಟರು, ಹಣ ಬೇಡವೆಂದರು. ಫಲಕ ಪಡೆದ ಮನೆಯವರಿಗೆ ಒಂದು ಮಾತನ್ನೂ ಹೇಳಿ ಕಳುಹಿಸಿದ್ದಾರೆ: ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು, ಫಲಕವನ್ನು ಗೋಡೆಗೆ ಒತ್ತಿ ತೂಗಿಸದೆ ಹಿಂದೆ ಗಾಳಿಯಾಡಲು ಬೆರಳಗಲ ಜಾಗ ಬಿಡಿ, ಬೂಷ್ಟು ಕಂಡರೆ ಒಣ ಕುಂಚದಿಂದ ತೆಗೆಯಿರಿ, ಒದ್ದೆ ಬಟ್ಟೆ ತಾಗಿಸಬೇಡಿ.